ಮಳೆಮರದ ಮೂಲ ಊರು

ಕಳೆದ ಬೇಸಿಗೆಯ ಒಂದು ಭಾನುವಾರ ನಮ್ಮ ಬೀದಿಯ ಮೂರು ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಲಾಲ್‌ಬಾಗಿಗೆ ಹೋಗಿದ್ದೆವು. ನಗರದ ಪರಿಸರ ಬಳಗವೊಂದು ಅಲ್ಲಿ ವಾರಾಂತ್ಯದ ಕೂಟ ಇಟ್ಟುಕೊಂಡಿತ್ತು. ಪ್ಲಾಸ್ಟಿಕ್ ಬಾಟಲಿ ತರಬೇಡಿ, ತಿಂಡಿ ಕಟ್ಟಿಕೊಂಡು ಬರಬೇಡಿ, ಟೋಪಿ ಮರೆಯಬೇಡಿ ಎಂದು ಮೊದಲೇ ಹೇಳಿದ್ದರು. ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಸುಮಾರು ನಲವತ್ತು ಮಂದಿ ಸೇರಿದ್ದರು. ನಿವೃತ್ತರಾದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಒಂದೊಂದೇ ಮರದ ಬಳಿ ನಿಲ್ಲಿಸಿ, ಅದರ ತೊಗಟೆ ಮುಟ್ಟಿಸಿ, ಎಲೆ ಮೂಸಿಸಿ ಪರಿಚಯ ಮಾಡಿಸಿದರು. ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ನಾವು ಮರವನ್ನು ಬರೀ 'ಮರ' ಎಂದು ಕರೆದುಕೊಂಡೇ ಕಾಲ ಕಳೆದೆವಲ್ಲ ಎಂದು ನಾಚಿಕೆಯಾಯಿತು.

ಮಕ್ಕಳಿಗಾಗಿ ಒಂದು ಆಟ ಮಾಡಿದ್ದರು. ಕೈಗೆ ಹಸಿರು ಮತ್ತು ಕೆಂಪು ಚೀಟಿ. ಮೇಷ್ಟ್ರು ತೋರಿಸಿದ ಮರ ಈ ನೆಲದ್ದಾದರೆ ಹಸಿರು ಎತ್ತಬೇಕು, ಹೊರಗಿನಿಂದ ಬಂದದ್ದಾದರೆ ಕೆಂಪು. ಹೊಂಗೆ, ಹಸಿರು. ಅತ್ತಿ, ಹಸಿರು. ಗುಲ್‌ಮೊಹರ್, ಕೆಂಪು; ಅದು ಮಡಗಾಸ್ಕರದ್ದು. ಜಕರಾಂಡ, ಕೆಂಪು, ದಕ್ಷಿಣ ಅಮೆರಿಕದ್ದು. ಕೊನೆಗೆ ದಣಿದು ನಾವೆಲ್ಲ ಕುಳಿತದ್ದು ಒಂದು ದೊಡ್ಡ ಮಳೆಮರದ ಕೆಳಗೆ. ಅದಕ್ಕೂ ಕೆಂಪು ಚೀಟಿಯೇ. ನಮ್ಮ ಜೊತೆಗಿದ್ದ ಎಂಟು ವರ್ಷದ ಹುಡುಗಿ, "ಹಾಗಾದ್ರೆ ಇದನ್ನ ಕಡಿದುಬಿಡ್ತಾರಾ ತಾತ?" ಎಂದು ಕೇಳಿದಳು. ಮೇಷ್ಟ್ರು ನಕ್ಕು, "ಇಲ್ಲ ಪುಟ್ಟಾ, ಇರೋದು ಇರ್ಲಿ. ಹೊಸದಾಗಿ ನೆಡಬಾರದು, ಅಷ್ಟೆ" ಎಂದರು. ನಲವತ್ತು ಜನಕ್ಕೂ ಸಾಲುವಷ್ಟು ನೆರಳನ್ನು ಆ ಮರ ಹಾಸಿಕೊಟ್ಟಿತ್ತು.

ಆ ನೆರಳಿನಲ್ಲೇ ಒಬ್ಬ ಹಿರಿಯರು ನಮ್ಮ ಹೆಸರು ಕೇಳಿದರು. ಹೇಳಿದೆವು. "ನಿಮ್ಮ ಕಡೆಯವರೂ ಇಂಥದ್ದಕ್ಕೆಲ್ಲ ಬರ್ತೀರಲ್ಲ, ಬಹಳ ಸಂತೋಷ. ಮೂಲ ಊರು ಯಾವುದು?" ಎಂದರು. ನಮ್ಮಲ್ಲೊಬ್ಬರು ಚನ್ನಪಟ್ಟಣ ಎಂದರು. "ಅದು ಸರಿ, ಅದಕ್ಕೂ ಮೊದಲು?" ಅದಕ್ಕೂ ಮೊದಲು ಏನು ಹೇಳುವುದು? ಗೊತ್ತಿರುವ ಮಟ್ಟಿಗೆ ಅವರ ಮುತ್ತಜ್ಜ ಚನ್ನಪಟ್ಟಣದಲ್ಲೇ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಅದಕ್ಕಿಂತ ಹಿಂದಿನ ಕಾಗದ ಪತ್ರ ಯಾರ ಮನೆಯಲ್ಲಿದೆ? ಕೇಳಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇವೆ. ತಮ್ಮ ಪಾಲಿನ ಮಜ್ಜಿಗೆಪುಡಿಯ ಪೊಟ್ಟಣವನ್ನು ನಮ್ಮ ಮಕ್ಕಳಿಗೆ ಕೊಟ್ಟವರೂ ಅವರೇ. ಆದರೆ ಅಷ್ಟು ಹೊತ್ತಿನವರೆಗೆ ಆಟವಾಗಿದ್ದ ಆ ಕೆಂಪು ಚೀಟಿ ತಟ್ಟನೆ ಆಟವಲ್ಲವೆನಿಸಿತು.

ಮೇಷ್ಟ್ರ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಅತ್ತಿ, ಆಲ, ಅರಳಿ ಇವುಗಳಿಗೆ ಪರಾಗಸ್ಪರ್ಶ ಮಾಡಲು ಅವವುಗಳದೇ ಪುಟ್ಟ ಕಣಜಗಳಿವೆ. ಮರ ಹೋದರೆ ಕಣಜ ಹೋಯಿತು, ಕಣಜ ಹೋದರೆ ಹಣ್ಣಿಲ್ಲ, ಹಣ್ಣಿಲ್ಲದಿದ್ದರೆ ಹಕ್ಕಿ ಬಾವಲಿಗಳಿಗೆ ಉಪವಾಸ. ಇಂಥ ನಂಟು ಒಂದೆರಡು ಶತಮಾನದಲ್ಲಿ ಹುಟ್ಟುವುದಿಲ್ಲ. ಮುಂಗಾರಿಗೆ ಮುನ್ನ ಬೀಸುವ ಗಾಳಿಗೆ ಗುಲ್‌ಮೊಹರ್ ಕೊಂಬೆ ಮುರಿದು ಬೀಳುವುದನ್ನು ಬೆಂಗಳೂರಿನವರಿಗೆ ಬೇರೆಯವರು ಹೇಳಬೇಕಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಡಿ ಲಂಟಾನ ಹಬ್ಬಿ ಹುಲ್ಲನ್ನೇ ಅಡಗಿಸಿಬಿಟ್ಟಿದೆ. ಇದೆಲ್ಲ ನಿಜ.

ಆದರೆ 'ಮೂಲ' ಎಂಬ ಗೆರೆಯನ್ನು ಎಲ್ಲಿ ಎಳೆಯುವುದು? ನಾವು ಕುಳಿತಿದ್ದ ತೋಟವನ್ನೇ ನೋಡಿ. 1760ರಲ್ಲಿ ಹೈದರಾಲಿ ಇದನ್ನು ಆರಂಭಿಸಿದಾಗ ದೆಹಲಿ, ಮುಲ್ತಾನ್, ಲಾಹೋರುಗಳಿಂದ ಗಿಡ ತರಿಸಿದ್ದನೆಂದು ಲಾಲ್‌ಬಾಗಿನ ಚರಿತ್ರೆ ಬರೆದವರು ಹೇಳುತ್ತಾರೆ. ಟಿಪ್ಪು ಅದನ್ನು ಮುಂದುವರಿಸಿದ. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಸೀಮೆ ಬದನೆಯನ್ನು ಇಲ್ಲಿ ಬೆಳೆಸಿ ಹರಡಿದರು. ಮೆಕ್ಸಿಕೋ ಕಡೆಯ ಆ ಕಾಯಿಗೆ ನಾವು 'ಸೀಮೆ' ಎಂದು ಪರದೇಶದ ಮುದ್ರೆ ಒತ್ತಿದೆವು. ಪಕ್ಕದ ತಮಿಳರೋ ಅದನ್ನೇ 'ಬೆಂಗಳೂರು ಕತ್ತರಿಕ್ಕಾಯ್' ಎಂದು ಕರೆದು ನಮ್ಮ ಊರಿನ ಮಗುವೆಂದು ಒಪ್ಪಿಕೊಂಡರು! 1908ರಿಂದ 1932ರವರೆಗೆ ತೋಟ ನೋಡಿಕೊಂಡ ಕ್ರುಂಬಿಗಲ್ ಜರ್ಮನಿಯವರು. ವರ್ಷದ ಪ್ರತಿ ತಿಂಗಳೂ ಬೆಂಗಳೂರಿನ ಯಾವುದಾದರೂ ಬೀದಿಯಲ್ಲಿ ಹೂವಿರಬೇಕೆಂದು ಮರಗಳನ್ನು ಆಯ್ದು ನೆಡಿಸಿದವರು ಅವರು. ಮಹಾಯುದ್ಧ ಬಂದಾಗ ಅವರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟರು. ಆ ಹೊತ್ತಿಗೆ ಅವರು ನೆಡಿಸಿದ ಸಸಿಗಳು ಬೀದಿಗೆ ನೆರಳು ಕೊಡಲು ಶುರುಮಾಡಿದ್ದಿರಬೇಕು. ಅವರು ತೀರಿಕೊಂಡದ್ದು 1956ರಲ್ಲಿ, ಇದೇ ಊರಿನಲ್ಲಿ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಅವರ ಮೂಲ ಊರು ಯಾವುದೆಂದು ಬರೆಯೋಣ?

ಅಡುಗೆಮನೆಗೆ ಬನ್ನಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಅಮೆರಿಕ ಖಂಡದವು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಪರಂಗಿ ಹಣ್ಣಿನ ಹೆಸರಲ್ಲೇ 'ಫರಂಗಿ' ಇದೆ. ಆದರೆ ಹುಣಸೆ? ಅರಬರು ಅದನ್ನು 'ತಮರ್ ಹಿಂದ್', ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು. ಅದೇ ಹೆಸರನ್ನು ವಿಜ್ಞಾನಿಗಳೂ ಉಳಿಸಿಕೊಂಡರು. ಮರ ಮಾತ್ರ ಆಫ್ರಿಕದ್ದು. ರಾಗಿಯೂ ಅಷ್ಟೆ. ಪೂರ್ವ ಆಫ್ರಿಕದ ಎತ್ತರದ ಹೊಲಗಳಲ್ಲಿ ಮನುಷ್ಯನ ಕೈಗೆ ಪಳಗಿ, ಸಾವಿರಾರು ವರ್ಷಗಳ ಹಿಂದೆ ಈ ಕಡೆ ಬಂತು. ಚನ್ನಪಟ್ಟಣದವನ ಮೂಲ ಕೇಳುವವರು ಮುದ್ದೆಯ ಮೂಲವನ್ನೂ ಕೇಳಬೇಕಾಗುತ್ತದೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಲೆಕ್ಕದಲ್ಲಿ ಹೊಂಗೆಯೂ ನಿನ್ನೆ ಬಂದದ್ದು.

ಹಾಗಾದರೆ ಎಲ್ಲವೂ ಒಂದೇ ಎನ್ನುವುದೇ? ಅದೂ ಅಲ್ಲ. ನೀಲಗಿರಿಯ ಕತೆ ನೆನಪಿಸಿಕೊಳ್ಳಬೇಕು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಯ ರಾಗಿ ಹೊಲಗಳಿಗೆಲ್ಲ ಅದು ನುಗ್ಗಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗಳಿಗೆ ಹೋಗಿ ಸಸಿಗಳನ್ನು ಕಿತ್ತೆಸೆದರು. ಕೊನೆಗೆ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರಕಾರವೇ ನಿಷೇಧಿಸಿತು. ಆದರೆ ಆಸ್ಟ್ರೇಲಿಯದಿಂದ ಬಂದದ್ದು ಆ ಗಿಡದ ಅಪರಾಧವೇ? ಅದು ತಾನಾಗಿ ನಡೆದು ಬರಲಿಲ್ಲ. ಕಾರ್ಖಾನೆಗೆ ಕಚ್ಚಾ ಸಾಮಗ್ರಿ ಬೇಕಿತ್ತು, ಜಮೀನಿನ ಒಡೆಯನಿಗೆ ಕೂಲಿಯ ಗೊಡವೆಯಿಲ್ಲದ ಬೆಳೆ ಬೇಕಿತ್ತು, ಯೋಜನೆ ಬರೆದವರಿಗೆ ಅಂಕಿಸಂಖ್ಯೆ ಬೇಕಿತ್ತು. ಲಂಟಾನದ ವಿಷಯದಲ್ಲೂ ಸೋಲಿಗರ ಮಾತು ಕೇಳುವಂತಿದೆ. ಬೇಸಿಗೆಯಲ್ಲಿ ನೆಲದ ಒಣಗಿದೆಲೆಗೆ ಅವರು ಹಚ್ಚುತ್ತಿದ್ದ 'ತರಗು ಬೆಂಕಿ'ಯನ್ನು ಅಭಯಾರಣ್ಯದ ಕಾನೂನು ನಿಲ್ಲಿಸಿದ ಮೇಲೆ ಈ ಪೊದೆ ಹೆಚ್ಚಿತು ಎನ್ನುತ್ತಾರೆ ಅವರು. ಅಂದರೆ ಅಲ್ಲಿ ಹೊರಗಿನವರ ಬರವು ಎಷ್ಟು ಕಾರಣವೋ ಒಳಗಿನವರ ಕೈ ಕಟ್ಟಿದ್ದೂ ಅಷ್ಟೇ ಕಾರಣ. ಕೇಳಬೇಕಾದದ್ದು 'ಎಲ್ಲಿಂದ ಬಂತು' ಎಂದಲ್ಲ, 'ಇಲ್ಲಿ ಏನು ಮಾಡುತ್ತಿದೆ, ಯಾರು ಅದರಿಂದ ಮಾಡಿಸುತ್ತಿದ್ದಾರೆ' ಎಂದು ನಮಗೆ ತೋರುತ್ತದೆ.

ಇಲ್ಲಿ ನಾವೂ ಎಚ್ಚರವಾಗಿರಬೇಕು. ಗಿಡದ ಮಾತನ್ನು ಮನುಷ್ಯನಿಗೆ ಅಂಟಿಸುವುದು ತಪ್ಪೆಂದಾದರೆ, ಮನುಷ್ಯನ ನೋವನ್ನು ಗಿಡಕ್ಕೆ ಅಂಟಿಸುವುದೂ ತಪ್ಪೇ. ಲಂಟಾನವನ್ನು ಕಿತ್ತರೆ ಯಾರಿಗೂ ಅನ್ಯಾಯವಾಗದು. ಮೇಷ್ಟ್ರು ಹೊಂಗೆ ನೆಡಿ ಎಂದದ್ದರಲ್ಲಿ ನಮ್ಮ ವಿರುದ್ಧ ಏನೂ ಇರಲಿಲ್ಲ. ನಾವು ಕೆಂಪು ಚೀಟಿಗೆ ಬೆಚ್ಚಿದ್ದು ಬೇರೆಲ್ಲೋ ತಿಂದ ಪೆಟ್ಟಿನಿಂದ. ಮನುಷ್ಯನಾದರೋ ಉತ್ತರ ಕೊಡಬಲ್ಲ, ಬದಲಾಗಬಲ್ಲ, ಪಕ್ಕದವನ ಭಾಷೆ ಕಲಿತು ಅದರಲ್ಲಿಯೇ ಜಗಳವಾಡಬಲ್ಲ. ಅವನ ಉಪಯೋಗವೇನೆಂದು ಕೇಳಿ ಜಾಗ ಕೊಡುವುದು ಮೂಲ ಕೇಳಿ ಕೊಡುವುದಕ್ಕಿಂತ ದೊಡ್ಡ ಉಪಕಾರವೇನಲ್ಲ. 'ನೆರಳು ಕೊಡುತ್ತಾರೆ, ಇರಲಿ ಬಿಡಿ' ಎಂಬ ಮಾತಿನಲ್ಲೂ ಒಂದು ಕೊಡಲಿ ಒರಗಿಸಿಟ್ಟಿರುತ್ತದೆ.

ಇದನ್ನೆಲ್ಲ ದೊಡ್ಡದಾಗಿ ಮಾತಾಡಿಕೊಂಡು ಹೊರಡುವಾಗ, ತರಗೆಲೆ ಗುಡಿಸುತ್ತಿದ್ದ ಹೆಂಗಸೊಬ್ಬರು ಎದುರಾದರು. ನಮ್ಮ ಬಾಯಿಂದ ಮೊದಲು ಬಂದ ಮಾತೇನು ಗೊತ್ತೇ? "ಯಾವ ಊರಮ್ಮಾ?" "ರಾಯಚೂರು ಕಡೀರಿ" ಎಂದರು. ಎಷ್ಟು ವರ್ಷವಾಯಿತು ಇಲ್ಲಿಗೆ ಬಂದು ಎಂದೂ ಕೇಳಿದೆವು, ಹೆಸರು ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗರು ಒಂದು ಕೋಣೆಯಲ್ಲಿ ಆರು ಮಂದಿ ಇದ್ದಾರೆ. ನೀರಿನ ಕಷ್ಟ ಬಂದ 2024ರ ಬೇಸಿಗೆಯಲ್ಲಿ, ಟ್ಯಾಂಕರ್ ನೀರಿಗಾಗಿ ಕೊಡ ಹಿಡಿದು ನಿಂತಾಗ, "ಹೊರಗಿನವರು ಜಾಸ್ತಿಯಾದದ್ದಕ್ಕೇ ಹೀಗೆ" ಎಂದು ಯಾರೋ ಅಂದರು. ಆಗ ತಲೆಯಾಡಿಸಿದವರಲ್ಲಿ ನಾವೂ ಇದ್ದೆವು. ಆ ಹುಡುಗರ ಕೊಡ ಸಾಲಿನ ಕೊನೆಗೆ ಹೋದದ್ದನ್ನು ನೋಡಿಯೂ ಸುಮ್ಮನಿದ್ದೆವು.

ಹುಡುಗಿ ಮಳೆಮರದಡಿಯಿಂದ ಜಿಗುಟಾದ ಒಂದು ಕಾಯಿ ಎತ್ತಿಕೊಂಡು ಬಂದಿದ್ದಳು. ಅದರ ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಕುಂಡದಲ್ಲಿ ಹಾಕಿದ್ದಾಳೆ. ಮೊಳೆತು ನಾಲ್ಕೆಲೆ ಬಿಟ್ಟಿದೆ, ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಇಷ್ಟು ದೊಡ್ಡದಾಗುವ ಮರಕ್ಕೆ ನಮ್ಮ ಇಕ್ಕಟ್ಟಿನ ಬೀದಿಯಲ್ಲಿ ಜಾಗವಿಲ್ಲ, ಬದಲಿಗೆ ಹೊಂಗೆಯನ್ನೇ ನೆಡೋಣ ಎಂದು ನಮ್ಮಲ್ಲಿ ಇಬ್ಬರು ಹೇಳುತ್ತಿದ್ದಾರೆ. ಅವರ ಮಾತು ಸರಿಯೇ. ಹುಡುಗಿ ಮಾತ್ರ ಕುಂಡವನ್ನು ಯಾರ ಕೈಗೂ ಕೊಡುತ್ತಿಲ್ಲ.