ಮೀನಿನೂಟದ ಮನೆಯೂ ನಮ್ಮ ಮನೆಯೂ



ಮಂಗಳೂರಿಗಾಗಲಿ ಮಲ್ಪೆಗಾಗಲಿ ಪ್ರಯಾಣಮಾಡುವವರು ಹಾದಿಯಲ್ಲಿ ಮೀನಿನೂಟದ ಚಿಕ್ಕ ಹೋಟೆಲುಗಳನ್ನು ಕಾಣುವರು. ಅವುಗಳಲ್ಲಿ ಆಡಂಬರವೇನೂ ಇಲ್ಲ. ಉದ್ದನೆಯ ಬೆಂಚು, ಕುಚ್ಚಲಕ್ಕಿಯ ಅನ್ನ, ಕೆಂಪು ಸಾರು, ಹುರಿದ ಬಂಗುಡೆ ಇಲ್ಲವೆ ಬೂತಾಯಿ, ಇಷ್ಟೇ. ಕಡಲು ಆ ದಿನ ಕೊಟ್ಟದ್ದೇ ಆ ದಿನದ ಊಟ. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಮೀನು ಹಿಡಿಯುವದು ನಿಷಿದ್ಧವಾದದರಿಂದ, ಆಗ ಧನಿಕನಿಗೂ ಕೂಲಿಯವನಿಗೂ ಸಿಕ್ಕಿದ ಮೀನೇ ಗತಿ.

ಆ ಬೆಂಚನ್ನು ಸ್ವಲ್ಪ ನೋಡಿರಿ. ಲಾರಿ ನಡಿಸುವವನೂ ಉಪಾಧ್ಯಾಯನೂ ಬಲೆ ಎಳೆಯುವವನೂ ಭುಜಕ್ಕೆ ಭುಜ ತಗಲಿ ಕೂತು ಉಣ್ಣುವರು. ಜಾತಿಯನ್ನು ಕೇಳಿ ಎಲೆ ಹಾಕುವ ಅಧಿಕಾರವು ಯಾವ ಯಜಮಾನನಿಗೂ ಇಲ್ಲ. ಯಾಕಂದರೆ 1950ನೆಯ ಇಸವಿ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು, ಜಾತಿಯ ಕಾರಣದಿಂದ ಯಾರನ್ನೂ ಹೋಟೆಲಿನಿಂದ ಹೊರಗಿಡಬಾರದೆಂದು 15ನೆಯ ವಿಧಿಯಲ್ಲಿ ಹೇಳಿ, 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರ ಕಾಯಿದೆಯು ಮೀರುವವರಿಗೆ ಶಿಕ್ಷೆಯನ್ನು ನೇಮಿಸಿತು.

ಈಗ ಪೇತ್ರನನ್ನು ನೆನಸಿರಿ. ಅವನೂ ಬೆಸ್ತನು. ರಾತ್ರಿಯೆಲ್ಲಾ ದುಡಿದು ಏನೂ ಸಿಕ್ಕದೆ ತಿಬೇರಿಯದ ಸಮುದ್ರತೀರಕ್ಕೆ ಬಂದಾಗ, ಅಲ್ಲಿ ಕೆಂಡದ ಮೇಲೆ ಮೀನೂ ಅದರೊಂದಿಗೆ ರೊಟ್ಟಿಯೂ ಸಿದ್ಧವಾಗಿದ್ದವು. ತನ್ನನ್ನು ಮೂರು ಸಾರಿ ಅರಿಯೆನೆಂದವನಿಗೆ ಕರ್ತನು ತಾನೇ ಬಡಿಸಿದನು.

ಇಂಥ ಊಟ ಉಂಡವನು ಮುಂದೆ ಅಂತಿಯೋಕ್ಯದಲ್ಲಿ ಮಾಡಿದ್ದೇನು? ಅನ್ಯಜನರಿಂದ ಬಂದ ವಿಶ್ವಾಸಿಗಳ ಸಂಗಡ ಮೊದಲು ಉಣ್ಣುತ್ತಿದ್ದು, ಯಾಕೋಬನ ಬಳಿಯಿಂದ ಕೆಲವರು ಬಂದಾಗ ಹೆದರಿ ಹಿಂದೆಗೆದನು. ಪೌಲನು ಎಲ್ಲರ ಮುಂದೆಯೇ ಅವನನ್ನು ಗದರಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯವು ತಿಳಿಸುವದು. ನಂಬಿಕೆಯಲ್ಲಿ ಒಂದಾಗಿ ಪಂಕ್ತಿಯಲ್ಲಿ ಎರಡಾಗುವದು ಸುವಾರ್ತೆಗೆ ತಕ್ಕ ನಡತೆಯಲ್ಲವೆಂಬದೇ ಅದರ ತಾತ್ಪರ್ಯ.

ಪ್ರಿಯರೇ, ಆ ಭಯವು ನಮ್ಮ ಹಳ್ಳಿಗಳನ್ನು ಬಿಟ್ಟುಹೋಗಿದೆಯೋ? ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯನ್ನು ಮುರಿದು ತಿಂದವರು, ಮದುವೆಯ ಪಂಕ್ತಿಯಲ್ಲಿ ಹಳೆಯ ಜಾತಿಯನ್ನು ನೆನಸಿ ಬೇರೆ ಕೂತುಕೊಳ್ಳುವದುಂಟಲ್ಲವೇ? ಬಂಧುಗಳು ಏನನ್ನುವರೋ ಎಂದು ಸಭೆಯ ಬಡವನಿಗೆ ಜಗಲಿಯಲ್ಲೇ ಎಲೆ ಹಾಕುವದುಂಟಲ್ಲವೇ? ಕಾಯಿದೆಯು ಹೋಟೆಲಿನ ಬಾಗಲನ್ನು ತೆರೆಯಿತು. ನಿಮ್ಮ ಅಡಿಗೆಮನೆಯ ಬಾಗಲಿಗೆ ಅದರ ಕೈ ನಿಲುಕದು. ಅದನ್ನು ನೀವೇ ತೆರೆಯಬೇಕು. ಪರಸ್ಥಳದಲ್ಲಿ ಅಪರಿಚಿತನ ಪಕ್ಕದಲ್ಲಿ ಹಣ ಕೊಟ್ಟು ಉಂಡ ನಾವು, ಸ್ವಂತ ಊರಿನಲ್ಲಿ ಸಹೋದರನ ಪಕ್ಕದಲ್ಲಿ ಉಣ್ಣಲಾರೆವೋ?

ಆದಕಾರಣ ಬರುವ ಆದಿತ್ಯವಾರ ಆರಾಧನೆ ಮುಗಿದ ಮೇಲೆ, ಈ ವರೆಗೆ ನಿಮ್ಮ ಮನೆಯೊಳಗೆ ಕೂತು ಉಣ್ಣದ ಒಬ್ಬನನ್ನು ಕರೆಯಿರಿ. ಒಂದೇ ಬಂಗುಡೆಯನ್ನು ಇಬ್ಬರು ಹಂಚಿಕೊಂಡರೂ ಸಾಕು. ಮೀನು ಬಡಿಸಿದ ಕರ್ತನು ಆ ಪಂಕ್ತಿಯಲ್ಲಿ ಮೂರನೆಯವನಾಗಿರುವನು. ಆಮೆನ್.