ನಿಶ್ಚಿತಾರ್ಥದ ಉಂಗುರ

ಕೊಡುವ ವಸ್ತುವಿನ ಬೆಲೆಗೂ ಕೊಡುವವನ ಪ್ರೀತಿಗೂ ಇರುವ ಸಂಬಂಧವೇನು ಎಂಬ ಪ್ರಶ್ನೆಯು ಬಹು ಹಳೆಯದು. ಪಂಡಿತರು ಅದನ್ನು ಗ್ರಂಥಗಳಲ್ಲಿ ಚರ್ಚಿಸುವರು. ಗೃಹಸ್ಥರಿಗಾದರೋ ಅದು ಅಕ್ಕಸಾಲಿಗನ ಅಂಗಡಿಯಲ್ಲಿಯೇ ಎದುರಾಗುವುದು. ಮದುವೆಯ ಮಾತು ಮುಗಿದು, ನಿಶ್ಚಿತಾರ್ಥದ ದಿನ ಗೊತ್ತಾಗಿ, ವರನು ವಧುವಿಗಾಗಿ ಒಂದು ಉಂಗುರವನ್ನು ಆರಿಸಹೊರಟಾಗ ಅವನ ಮುಂದೆ ನೂರಾರು ಉಂಗುರಗಳು ಹರವಿಕೊಂಡಿರುತ್ತವೆ. ಯಾವುದನ್ನು ಕೊಂಡರೆ ಪ್ರೀತಿಗೆ ನ್ಯಾಯವಾದೀತು, ಯಾವುದನ್ನು ಕೊಂಡರೆ ಮನೆಗೆ ಅನ್ಯಾಯವಾದೀತು ಎಂಬುದನ್ನು ತಕ್ಕಡಿಯು ಹೇಳಲಾರದು. ಅದು ಚಿನ್ನವನ್ನು ಮಾತ್ರ ತೂಗಬಲ್ಲುದು.

ಕನ್ನಡನಾಡಿನ ಬಹು ಮನೆತನಗಳಲ್ಲಿ ಹಿಂದೆ ನಿಶ್ಚಯವು ವೀಳ್ಯದೆಲೆ ಅಡಕೆಗಳಿಂದಲೇ ಆಗುತ್ತಿದ್ದಿತು. ಹಿರಿಯರು ಕೂಡಿ ತಾಂಬೂಲವನ್ನು ಬದಲಾಯಿಸಿಕೊಂಡರೆ ಮಾತು ಮುಗಿಯಿತು. ಆ ಎಲೆಯು ಮರುದಿನವೇ ಬಾಡುವುದು, ಕೊಟ್ಟ ಮಾತು ಬಾಡಕೂಡದು ಎಂಬುದೇ ಅಲ್ಲಿಯ ಧರ್ಮ. ಮದುವೆಯಾದವಳ ಗುರುತು ಕೊರಳ ತಾಳಿ ಮತ್ತು ಬೆಳ್ಳಿಯ ಕಾಲುಂಗುರ; ಕೈಬೆರಳಿನ ಉಂಗುರವು ಅಲಂಕಾರವಾಗಿದ್ದಿತೇ ಹೊರತು ಪ್ರಮಾಣವಾಗಿರಲಿಲ್ಲ. ವಧೂವರರು ಪರಸ್ಪರ ಉಂಗುರ ತೊಡಿಸುವ ಪದ್ಧತಿಯು ಇತ್ತೀಚೆಗೆ ಈ ತಾಂಬೂಲದ ಪಕ್ಕಕ್ಕೆ ಬಂದು ಕುಳಿತಿದೆ. ಹೊಸದೆಂಬ ಮಾತ್ರದಿಂದ ಯಾವ ಪದ್ಧತಿಯೂ ಕೆಟ್ಟುದಾಗುವುದಿಲ್ಲ. ಆದರೆ ಹೊಸದಾಗಿ ಬಂದುದರ ಕುಲಗೋತ್ರವನ್ನು ವಿಚಾರಿಸುವುದು ವಿವೇಕಿಗಳ ಲಕ್ಷಣ.

ಪುರಾತನ ರೋಮಿನಲ್ಲಿ ವಿವಾಹನಿಶ್ಚಯಕ್ಕೆ ಉಂಗುರವನ್ನು ಕಳುಹಿಸುತ್ತಿದ್ದರು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ಪ್ಲಿನಿಯು, ತನ್ನ ಕಾಲದಲ್ಲಿಯೂ ವಧುವಿಗೆ ಕಳುಹಿಸುತ್ತಿದ್ದುದು ಕಬ್ಬಿಣದ ಉಂಗುರವೆಂದೂ, ಅದರಲ್ಲಿ ಹರಳಿರುತ್ತಿರಲಿಲ್ಲವೆಂದೂ ಬರೆದಿರುವನು. ಲೋಕದ ಐಶ್ವರ್ಯವೆಲ್ಲ ಹರಿದುಬರುತ್ತಿದ್ದ ನಗರಕ್ಕೆ ಚಿನ್ನಕ್ಕೇನೂ ಬರಗಾಲವಿರಲಿಲ್ಲ. ಆದರೂ ಆ ಸಂಕೇತಕ್ಕೆ ಕಬ್ಬಿಣವು ಸಾಲದೆಂದು ಅವರಿಗೆ ತೋರಲಿಲ್ಲ.

ವಜ್ರದ ಕಥೆಯು ಇದಕ್ಕಿಂತ ಬೇರೆ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಬ್ರೆಜಿಲ್ ದೇಶದಲ್ಲಿ ಗಣಿಗಳು ದೊರೆಯುವವರೆಗೆ ಲೋಕದ ವಜ್ರಗಳಲ್ಲಿ ಬಹುಭಾಗವು ಭರತಖಂಡದಿಂದಲೇ ಹೋಗುತ್ತಿದ್ದಿತು. ಕೃಷ್ಣಾತೀರದ ಕೊಲ್ಲೂರಿನ ಗಣಿಯೂ ಗೋಲ್ಕೊಂಡದ ಪೇಟೆಯೂ ಅದಕ್ಕೆ ಪ್ರಸಿದ್ಧವಾಗಿದ್ದವು. ಆಗ ವಜ್ರವು ಅರಸರ ಸೊತ್ತು. 1867ರ ಸುಮಾರಿಗೆ ದಕ್ಷಿಣ ಆಫ್ರಿಕದಲ್ಲಿ ವಜ್ರಗಳು ಕಂಡುಬಂದು, ಕೆಲವೇ ವರ್ಷಗಳಲ್ಲಿ ಅವು ರಾಶಿರಾಶಿಯಾಗಿ ದೊರೆಯತೊಡಗಿದವು. ದೊರೆತುದೆಲ್ಲವೂ ಪೇಟೆಗೆ ಬಂದರೆ ಬೆಲೆ ಇಳಿಯುವುದು ಸಹಜವಷ್ಟೆ. 1888ರಲ್ಲಿ ಸ್ಥಾಪಿತವಾದ ಡಿ ಬೀರ್ಸ್ ಎಂಬ ಕಂಪೆನಿಯು ಗಣಿಗಳನ್ನು ಒಟ್ಟುಗೂಡಿಸಿ, ಪೇಟೆಗೆ ಬರುವ ಸರಕನ್ನು ಬಹುಕಾಲ ಹತೋಟಿಯಲ್ಲಿಟ್ಟಿತು. ಸರಕನ್ನು ಹಿಡಿದಿಟ್ಟರೆ ಸಾಲದು, ಕೊಳ್ಳುವ ಮನಸ್ಸನ್ನೂ ಬೆಳೆಯಿಸಬೇಕು. ವಜ್ರವು ಶಾಶ್ವತವೆಂಬ ಅರ್ಥದ ಪ್ರಸಿದ್ಧ ವಾಕ್ಯವು 1947ರಲ್ಲಿ ಹುಟ್ಟಿದುದು ಕವಿಯ ಹೃದಯದಲ್ಲಲ್ಲ, ಅಮೆರಿಕದ ಒಂದು ಜಾಹೀರಾತಿನ ಕಚೇರಿಯಲ್ಲಿ. 1980ರ ದಶಕದ ಹೊತ್ತಿಗೆ, ಅಮೆರಿಕದ ವರನು ಎರಡು ತಿಂಗಳ ಸಂಬಳವನ್ನು ಉಂಗುರಕ್ಕೆ ವೆಚ್ಚಮಾಡುವುದು ಯುಕ್ತವೆಂದು ಜಾಹೀರಾತುಗಳು ಸೂಚಿಸಿದವು. ಜಪಾನಿನ ವರನಿಗೆ ಗೊತ್ತುಮಾಡಿದುದು ಮೂರು ತಿಂಗಳದು. ಪ್ರೀತಿಯು ಸಮುದ್ರವನ್ನು ದಾಟಿದರೆ ಒಂದು ತಿಂಗಳು ಬೆಳೆಯುತ್ತದೆಂದು ಯಾವ ಶಾಸ್ತ್ರವೂ ಹೇಳಿದಂತಿಲ್ಲ. ಮಾರುವವನೇ ಅಳತೆಗೋಲನ್ನೂ ಕೊಟ್ಟರೆ ಅಳತೆಯು ಯಾರ ಕಡೆಗೆ ವಾಲುವುದೆಂಬುದನ್ನು ಹೇಳಬೇಕಾದುದಿಲ್ಲ.

ಇಷ್ಟರಿಂದಲೇ ಉಂಗುರವು ವ್ಯರ್ಥವೆಂದು ತೀರ್ಮಾನಿಸಿಬಿಡುವುದು ಆತುರವಾದೀತು. ಇಲ್ಲಿ ಎರಡು ಪಕ್ಷಗಳುಂಟು. ಎರಡರಲ್ಲಿಯೂ ಸ್ವಲ್ಪ ಸತ್ಯವುಂಟು.

ಮೊದಲನೆಯ ಪಕ್ಷದವರು ಹೇಳುವುದು ಹೀಗೆ: ಕೊಡುವವನಿಗೆ ಏನೂ ತಗಲದ ಕೊಡುಗೆಯು ಕೊಡುಗೆಯೇ ಅಲ್ಲ. ಬಾಯಿಮಾತಿಗೆ ಬೆಲೆಯಿಲ್ಲದ್ದರಿಂದಲೇ ಲೋಕವು ಸಂಕೇತಗಳನ್ನು ಬೇಡುತ್ತದೆ. ತನಗೆ ಕೊಂಚ ನೋವಾಗುವಷ್ಟನ್ನು ಬಿಟ್ಟುಕೊಟ್ಟವನ ಮಾತು ನೆಲೆಯುಳ್ಳದ್ದು. ಆದುದರಿಂದ ಉಂಗುರವು ಅಗ್ಗವಾಗಿರಕೂಡದು. ಎರಡನೆಯ ಪಕ್ಷದವರ ಮಾತು ಇದಕ್ಕೆ ವಿರುದ್ಧ: ಪ್ರೀತಿಯು ಅಂತರಂಗದ ವಿಷಯ, ಅದನ್ನು ಲೋಹದಿಂದ ಅಳೆಯುವುದೇ ಅದಕ್ಕೆ ಅಪಮಾನ, ಒಂದು ಅರಿಸಿನದ ದಾರವು ಮಾಡುವ ಕೆಲಸಕ್ಕೆ ಚಿನ್ನವೇಕೆ?

ಎರಡನೆಯವರ ಮಾತು ಕೇಳಲು ಹಿತವಾಗಿದೆ. ಆದರೆ ಅದರ ನೆರಳಿನಲ್ಲಿ ಜಿಪುಣನೂ ಸುಖವಾಗಿ ಕುಳಿತುಕೊಳ್ಳಬಲ್ಲನು. ತನ್ನ ಸುಖಕ್ಕೆ ಹಣವನ್ನು ನೀರಿನಂತೆ ಚೆಲ್ಲುವವನು ಮಡದಿಯಾಗುವವಳಿಗೆ ಕೊಡುವಾಗ ಮಾತ್ರ ವೈರಾಗ್ಯವನ್ನು ಉಪದೇಶಿಸಿದರೆ ಅದು ವೈರಾಗ್ಯವಲ್ಲ. ಆದುದರಿಂದ ಕೊಡುಗೆಯು ಕೊಡುವವನಿಗೆ ತಗಲಬೇಕೆಂಬ ಮೊದಲನೆಯ ಪಕ್ಷವನ್ನು ಒಪ್ಪತಕ್ಕದ್ದೇ. ಆದರೆ ಒಪ್ಪಿದ ಮೇಲೆ ಒಂದು ಪ್ರಶ್ನೆಯು ಉಳಿಯುವುದು: ತಗಲಬೇಕಾದುದು ಯಾರಿಗೆ?

ಜಿಲ್ಲಾಕೇಂದ್ರವೊಂದರಲ್ಲಿ ಉಪಾಧ್ಯಾಯನಾಗಿರುವ ಒಬ್ಬ ವರನನ್ನು ಕಲ್ಪಿಸಿಕೊಳ್ಳಬಹುದು. ಅವನ ಸಂಬಳದಲ್ಲಿ ಬಾಡಿಗೆ, ವೃದ್ಧರಾದ ತಂದೆತಾಯಿಗಳ ಔಷಧಿ, ತಮ್ಮನ ಓದು ಇವುಗಳು ಹೋಗಿ ಉಳಿಯುವುದು ಅಲ್ಪ. ಗೆಳೆಯನ ನಿಶ್ಚಿತಾರ್ಥದಲ್ಲಿ ವಜ್ರದ ಉಂಗುರವನ್ನು ಕಂಡುಬಂದ ಅವನಿಗೆ, ತನ್ನವಳ ಕೈಗೆ ಬರಿಯ ಚಿನ್ನದ ಉಂಗುರ ತೊಡಿಸುವುದು ಹೀನವೆಂದು ತೋರುತ್ತದೆ. ಅವನು ಸಾಲಮಾಡಿ ವಜ್ರದ ಉಂಗುರವನ್ನೇ ತರುತ್ತಾನೆ. ವಧುವಿಗೆ ಸಾಲದ ಮಾತನ್ನು ಹೇಳುವುದಿಲ್ಲ. ಸಭೆಯು ಮೆಚ್ಚುತ್ತದೆ. ಮದುವೆಯಾಗುತ್ತದೆ. ಮುಂದಿನ ಮೂರು ವರ್ಷ ತಿಂಗಳು ತಿಂಗಳೂ ಕಂತು ಕಟ್ಟುವುದು ಯಾವ ಹಣದಿಂದ? ಅವರಿಬ್ಬರ ಮನೆಯ ಹಣದಿಂದ. ಅವಳು ಬಯಸಿದ ಒಂದು ಪುಸ್ತಕ, ತವರಿಗೆ ಹೋಗಿಬರುವ ಒಂದು ಪಯಣ, ಮಗು ಹುಟ್ಟುವ ಕಾಲಕ್ಕೆ ಕೂಡಿಡಬೇಕಾಗಿದ್ದ ನಾಲ್ಕು ಕಾಸು, ಇವೆಲ್ಲವೂ ಒಂದೊಂದಾಗಿ ಆ ಉಂಗುರದೊಳಗೆ ಸೇರಿಹೋಗುತ್ತವೆ. ವಿಚಾರಿಸಿ ನೋಡಿದರೆ ಅವನು ಅವಳಿಗೆ ಉಂಗುರವನ್ನು ಕೊಡಲೇ ಇಲ್ಲ. ಅವಳ ಹಣದಿಂದ, ಅವಳನ್ನು ಕೇಳದೆ, ಅವಳಿಗೆ ಉಂಗುರವನ್ನು ಕೊಂಡನು. ಕೊಡುಗೆಯ ಕೀರ್ತಿಯು ಅವನಿಗೆ, ವೆಚ್ಚವು ಅವಳಿಗೆ.

ಇದಕ್ಕಿಂತಲೂ ದೊಡ್ಡ ದೋಷವೊಂದಿದೆ. ನಿಶ್ಚಿತಾರ್ಥದ ಉಂಗುರವು ನಂಬಿಕೆಯ ಗುರುತು. ಆ ಗುರುತಿನ ಹಿಂದೆಯೇ ಒಂದು ಮುಚ್ಚುಮರೆಯನ್ನು ಇಟ್ಟರೆ ಗುರುತು ಯಾವುದಕ್ಕೆ? ಸಾಲವು ತಾನಾಗಿಯೇ ಪಾಪವಲ್ಲ; ಮನೆ ಕಟ್ಟಲು, ಮಕ್ಕಳನ್ನು ಓದಿಸಲು ಸಾಲಮಾಡದವರು ವಿರಳ. ಆದರೆ ಇಬ್ಬರು ತೀರಿಸಬೇಕಾದ ಸಾಲವನ್ನು ಒಬ್ಬನು ಗುಟ್ಟಾಗಿ ಮಾಡುವುದು ದಾಂಪತ್ಯದ ಮೊದಲನೆಯ ಹೆಜ್ಜೆಯಲ್ಲಿಯೇ ಎಡವಿದಂತೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಆ ಹಾಸಿಗೆಯಲ್ಲಿ ಇನ್ನು ಮುಂದೆ ಇಬ್ಬರಿಗೆ ಪಾಲಿದೆಯೆಂಬುದನ್ನು ಮರೆಯುವವರೇ ಹೆಚ್ಚು.

ಮಹಾಭಾರತದ ಅಶ್ವಮೇಧಪರ್ವದಲ್ಲಿ ಬರುವ ಮುಂಗುಸಿಯ ಕಥೆಯು ಇಲ್ಲಿ ನೆನಪಾಗತಕ್ಕದ್ದು. ಯುಧಿಷ್ಠಿರನ ಯಾಗಶಾಲೆಗೆ ಬಂದ ಆ ಮುಂಗುಸಿಯ ಅರ್ಧ ಮೈ ಚಿನ್ನವಾಗಿದ್ದಿತು. ಬರಗಾಲದಲ್ಲಿ ತೆನೆ ಆಯ್ದು ಬದುಕುತ್ತಿದ್ದ ಒಬ್ಬ ಬ್ರಾಹ್ಮಣನ ಮನೆಯಲ್ಲಿ ಅತಿಥಿಗೆ ಕೊಟ್ಟ ಹಿಟ್ಟಿನ ನೆಲದ ಮೇಲೆ ಹೊರಳಿ ಅದು ಆ ಬಣ್ಣವನ್ನು ಪಡೆದಿದ್ದಿತು. ಚಕ್ರವರ್ತಿಯ ಯಾಗದ ನೆಲದಲ್ಲಿ ಎಷ್ಟು ಹೊರಳಿದರೂ ಉಳಿದ ಅರ್ಧವು ಹಾಗೆಯೇ ಉಳಿಯಿತು. ಅಲ್ಪವೇ ಆದರೂ ಪೂರ್ಣಮನಸ್ಸಿನಿಂದ ಕೊಟ್ಟುದು ದೊಡ್ಡದೆಂದು ಈ ಕಥೆಯಿಂದ ಎಲ್ಲರೂ ತಿಳಿಯುವರು. ಕಥೆಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಬ್ರಾಹ್ಮಣನು ತನ್ನ ಪಾಲನ್ನು ಕೊಟ್ಟ ಮೇಲೂ ಅತಿಥಿಗೆ ತೃಪ್ತಿಯಾಗದಿದ್ದಾಗ, ಹೆಂಡತಿಯು ತನ್ನ ಪಾಲನ್ನು ಕೊಡಬಂದಳು; ಹಸಿದವಳ ಪಾಲನ್ನು ತೆಗೆದುಕೊಳ್ಳಲು ಅವನು ಹಿಂಜರಿದನು. ಅವಳೂ ಮಗನೂ ಸೊಸೆಯೂ ತಾವಾಗಿಯೇ ಒತ್ತಾಯಿಸಿದ ಮೇಲೆಯೇ ಅವನು ಅವರ ಪಾಲುಗಳನ್ನು ಕೊಟ್ಟುದು. ಇನ್ನೊಬ್ಬರ ಪಾಲನ್ನು ಕೇಳದೆ ಎತ್ತಿ ಕೊಟ್ಟಿದ್ದರೆ ಆ ನೆಲಕ್ಕೆ ಚಿನ್ನದ ಗುಣವು ಬರುತ್ತಿದ್ದಿತೇ?

ಗ್ರೀಸ್ ದೇಶದ ಅರಿಸ್ಟಾಟಲನೂ ತನ್ನ ನೀತಿಶಾಸ್ತ್ರದಲ್ಲಿ ಔದಾರ್ಯವನ್ನು ಕುರಿತು ಹೇಳುವಾಗ ಇದರ ಹತ್ತಿರಕ್ಕೇ ಬರುವನು. ಔದಾರ್ಯವಿರುವುದು ಕೊಟ್ಟುದರ ಮೊತ್ತದಲ್ಲಲ್ಲ, ಕೊಡುವವನ ಸ್ವಭಾವದಲ್ಲಿ. ಆ ಸ್ವಭಾವವು ತನ್ನ ಶಕ್ತಿಯನ್ನು ಅರಿತು ಕೊಡುತ್ತದೆ. ಕಡಮೆ ಕೊಟ್ಟವನೇ ಹೆಚ್ಚು ಉದಾರಿಯಾಗಿರುವುದೂ ಸಾಧ್ಯ ಎಂಬುದು ಅವನ ಅಭಿಪ್ರಾಯ. ಹೀಗಿರಲು, ತಗಲಬೇಕಾದುದು ಕೊಡುವವನಿಗೆ, ತನ್ನ ಶಕ್ತಿಯೊಳಗೆ, ತಾನು ಬಿಟ್ಟುಕೊಟ್ಟ ಸುಖದಿಂದ. ಆರು ತಿಂಗಳು ತನ್ನ ಹುಚ್ಚುವೆಚ್ಚಗಳನ್ನು ಬಿಟ್ಟು ಕೂಡಿಸಿದ ಹಣದಿಂದ ತಂದ ಸಣ್ಣ ಉಂಗುರವು, ಕಂತಿನ ಮೇಲೆ ತಂದ ದೊಡ್ಡ ಉಂಗುರಕ್ಕಿಂತ ಭಾರವಾದುದು.

ಬೆಲೆಯ ಮಾತು ತೀರಿದರೆ ಅಭಿರುಚಿಯ ಮಾತು. ಉಂಗುರವನ್ನು ಧರಿಸುವುದು ಕೈ, ಕೈ ಕೆಲಸಮಾಡುವುದು. ರೋಗಿಗಳನ್ನು ಮುಟ್ಟುವ ದಾದಿಗೆ, ಹಿಟ್ಟು ನಾದುವ ಗೃಹಿಣಿಗೆ, ಮಗ್ಗದ ಮುಂದೆ ಕೂರುವವಳಿಗೆ ಎತ್ತರಕ್ಕೆ ಕಟ್ಟಿದ ಹರಳು ಭೂಷಣವಲ್ಲ, ತೊಡಕು. ಇಪ್ಪತ್ತೆರಡು ಕ್ಯಾರೆಟಿನ ಚಿನ್ನದಲ್ಲಿ ನೂರಕ್ಕೆ ತೊಂಬತ್ತೊಂದೂವರೆಗಿಂತ ಹೆಚ್ಚು ಅಪ್ಪಟವಿರುವುದು. ಅದು ಮೃದು, ಸವೆಯುವುದು. ಹದಿನೆಂಟರದರಲ್ಲಿ ನೂರಕ್ಕೆ ಎಪ್ಪತ್ತೈದು. ಹರಳನ್ನು ಗಟ್ಟಿಯಾಗಿ ಹಿಡಿಯುವುದು. ಯಾವುದು ಮೇಲೆಂಬುದು ಕೈಯನ್ನೂ ಕೆಲಸವನ್ನೂ ನೋಡಿ ಹೇಳಬೇಕಾದ ಮಾತು. ಅದನ್ನು ತಿಳಿಯಲು ಸುಲಭವಾದ ದಾರಿಯೊಂದೇ: ತೊಡುವವಳನ್ನು ಕೇಳುವುದು. ಕೇಳಿದರೆ ಕೊಡುಗೆಯ ಸೊಗಸು ಕೆಡುವುದೆಂದು ಕೆಲವರು ಹೇಳುವರು. ಒಂದು ಗಳಿಗೆಯ ಬೆರಗು ಕೆಡಬಹುದು; ಅದರ ಬದಲಿಗೆ, ಹಣದ ವಿಷಯದಲ್ಲಿಯೂ ಇಷ್ಟಾನಿಷ್ಟಗಳ ವಿಷಯದಲ್ಲಿಯೂ ಇಬ್ಬರೂ ಬಾಯಿಬಿಟ್ಟು ಮಾತಾಡಿದ ಮೊದಲ ದಿನವು ಅವರಿಗೆ ದೊರೆಯುವುದು. ಮುಂದಿನ ನಲವತ್ತು ವರ್ಷಗಳಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬರುವುದೆಂಬುದು ಸಂಸಾರಿಗಳಿಗೆ ತಿಳಿದೇ ಇದೆ.

ಈ ಕಾಲದಲ್ಲಿ ಯಂತ್ರಶಾಲೆಯಲ್ಲಿ ಬೆಳೆಯಿಸಿದ ವಜ್ರಗಳೂ ದೊರೆಯುತ್ತವೆ. ಗಣಿಯ ವಜ್ರದಂತೆ ಅವೂ ಶುದ್ಧ ಇಂಗಾಲವೇ. ಬೆಲೆ ಮಾತ್ರ ಬಹಳ ಕಡಮೆ. ಅವನ್ನು ತೊಡಿಸುವುದು ಮೋಸವೇ ಎಂದು ಕೇಳುವವರುಂಟು. ಇದೇ ಇಂಥದು ಎಂದು ಹೇಳಿ ಕೊಟ್ಟರೆ ಮೋಸವೇನೂ ಇಲ್ಲ. ಗಣಿಯದೆಂದು ಹೇಳಿ ಕೊಟ್ಟರೆ ಮೋಸವು ಹರಳಿನಲ್ಲಲ್ಲ, ನಾಲಗೆಯಲ್ಲಿ.

ವರನ ಕೈಯ ಉಂಗುರವನ್ನೂ ಇಲ್ಲಿ ಮರೆಯಕೂಡದು. ಹೆಣ್ಣಿನ ಮನೆಯವರು ಅಕ್ಕರೆಯಿಂದ ಅಳಿಯನಿಗೆ ಉಂಗುರ ತೊಡಿಸುವುದು ಚೆಲುವಾದ ಪದ್ಧತಿ. ಆದರೆ ಇಷ್ಟು ತೊಲದ್ದಾಗಬೇಕೆಂದು ಬೀಗರು ಮೊದಲೇ ಹೇಳಿಕಳುಹಿಸಿದರೆ ಅದು ಕೊಡುಗೆಯಲ್ಲ, ವಸೂಲಿ. ವರದಕ್ಷಿಣೆಯನ್ನು ನಿಷೇಧಿಸಿದ 1961ರ ಕಾನೂನು ಕೇಳುವುದನ್ನೂ ಅಪರಾಧವೆಂದೇ ಎಣಿಸಿದೆ. ಕಾನೂನಿಗೆ ಮೊದಲೂ ಅದು ಧರ್ಮವಾಗಿರಲಿಲ್ಲ. ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳುವುದುಂಟೇ? ಹೆಣ್ಣಿನ ತಂದೆಯ ಕಣ್ಣಿಗೂ ಚುಚ್ಚಬಾರದು.

ಉಂಗುರದ ಮಾತು ಬಂದಮೇಲೆ ಶಾಕುಂತಲವನ್ನು ನೆನೆಯದೆ ಮುಗಿಸುವುದು ಹೇಗೆ? ವ್ಯಾಸಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೇ ಇಲ್ಲ. ಅದು ಕಾಳಿದಾಸನು ತಂದುದು. ನಾಟಕದಲ್ಲಿ ಆ ಉಂಗುರವು ನೀರಿನಲ್ಲಿ ಬಿದ್ದು, ಮೀನಿನ ಹೊಟ್ಟೆಯನ್ನು ಸೇರಿ, ಒಬ್ಬ ಬೆಸ್ತನ ಕೈಗೆ ಸಿಕ್ಕಿತು. ಅವನಿಗೆ ಅದು ಪೇಟೆಯಲ್ಲಿ ಮಾರುವ ಸರಕು. ಅರಸನಿಗೆ ಅದು ಕಳೆದುಹೋದ ನೆನಪು. ಅರಸನು ಬೆಸ್ತನಿಗೆ ಉಂಗುರದ ಬೆಲೆಗೆ ಸಮನಾದ ಹಣವನ್ನು ಬಹುಮಾನವಾಗಿ ಕೊಡಿಸಿದನು. ಅಲ್ಲಿಗೆ ಉಂಗುರದ ಬೆಲೆಯು ಪೂರ್ತಿಯಾಗಿ ಸಂದಾಯವಾಯಿತು. ಅರಸನ ದುಃಖವು ಮಾತ್ರ ಆಗತಾನೆ ಮೊದಲಾಯಿತು. ಬೆಲೆ ಬೇರೆ, ಮೌಲ್ಯ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಕೊನೆಯ ಅಂಕದಲ್ಲಿ ಇಬ್ಬರೂ ಮತ್ತೆ ಸೇರಿದಾಗ ದುಷ್ಯಂತನು ಆ ಉಂಗುರವನ್ನು ಅವಳ ಬೆರಳಿಗೆ ತೊಡಿಸಬರುವನು. ಶಕುಂತಲೆಯು ಬೇಡವೆನ್ನುವಳು, ಅದರಲ್ಲಿ ತನಗೆ ನಂಬಿಕೆಯಿಲ್ಲವೆಂದೂ, ಆರ್ಯಪುತ್ರನೇ ಧರಿಸಲಿಯೆಂದೂ ಹೇಳುವಳು. ಅರಮನೆಯ ಉಂಗುರವು ಎಂಥ ಬೆಲೆಯದಾಗಿದ್ದರೂ ಬೇಕಾದ ಗಳಿಗೆಯಲ್ಲಿ ಅವಳ ಬೆರಳಿನಲ್ಲಿರಲಿಲ್ಲ. ಆದುದರಿಂದ ಅವಳು ಉಂಗುರವನ್ನು ಅವನಿಗೇ ಬಿಟ್ಟಳು, ಅವನನ್ನು ಒಪ್ಪಿಕೊಂಡಳು.

ಅಂಗಡಿಯಲ್ಲಿ ನಿಂತ ವರನು ಇಷ್ಟನ್ನು ನೆನೆದರೆ ಸಾಕು. ತನ್ನ ಶಕ್ತಿಗೆ ತಕ್ಕುದನ್ನು, ಅವಳ ಮನಸ್ಸಿಗೆ ಒಪ್ಪಿದುದನ್ನು, ಇಬ್ಬರಿಗೂ ಲೆಕ್ಕ ಗೊತ್ತಿರುವುದನ್ನು ಅವನು ಆರಿಸಲಿ. ಮುಂದೆಂದಾದರೂ ಆ ಉಂಗುರವು ಬಚ್ಚಲಿನಲ್ಲಿ ಜಾರಿ ಕಳೆದುಹೋದರೆ, ಅದಕ್ಕಾಗಿ ಇಬ್ಬರೂ ಒಂದು ದಿನ ವ್ಯಸನಪಟ್ಟು ಮರುದಿನ ಎಂದಿನಂತೆ ಕೂಡಿ ಉಣ್ಣುವಂತಿದ್ದರೆ ಆ ಆಯ್ಕೆಯು ಸರಿಯಾಗಿದ್ದಿತೆಂದು ತಿಳಿಯಬಹುದು.