ಟಿಕೆಟ್ ಬರ್ತಿಗೆ, ಬಾಗಿಲಿಗಲ್ಲ

*ಇಂದಿನ ಧಮ್ಮ ಚಿಂತನೆ*



ನಮ್ಮ ಕೊಡಗಿಗೆ ರೈಲು ಬಂದಿಲ್ಲ. ರೈಲು ಹತ್ತಬೇಕಾದರೆ ಬಸ್ಸಿನಲ್ಲಿ ಮೈಸೂರಿಗೆ ಇಳಿಯಬೇಕು. ಹಾಗಾಗಿ ನನ್ನ ಅಕ್ಕ ಮೊದಲ ಸಲ ರೈಲು ಹತ್ತಿದ್ದು ಐವತ್ತು ದಾಟಿದ ಮೇಲೆ. 2024ರ ಡಿಸೆಂಬರ್ ಕೊನೆ. ಅರೇಬಿಕಾ ಕೊಯ್ಲು ಮುಗಿದಿತ್ತು, ರೊಬಸ್ಟಾ ಇನ್ನೂ ಶುರುವಾಗಿರಲಿಲ್ಲ. ಅಕ್ಕನಿಗೆ ಬಿಡುವು ಸಿಗುವುದು ಆ ಕೆಲವು ದಿನ ಮಾತ್ರ. ನಾನು ಶಾಲೆಗೆ ಗಳಿಕೆ ರಜೆ ಹಾಕಿದೆ. ನಾಗಪುರದ ದೀಕ್ಷಾಭೂಮಿ, ಅಲ್ಲಿಂದ ಸಾರನಾಥ, ಬುದ್ಧಗಯಾ ಎಂದು ಹೊರಟೆವು.

ಬೆಂಗಳೂರಿನಿಂದ ಹಿಡಿದ ರೈಲು ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್. ಹೆಸರಿನ ಕಥೆಯನ್ನು ಅಕ್ಕನಿಗೆ ಹೇಳಿದೆ. ಅಶೋಕನ ಮಗ ಮಹಿಂದ ಮೊದಲು ಧಮ್ಮ ಹೊತ್ತು ಲಂಕೆಗೆ ಹೋದ. ಆಮೇಲೆ ಅವನ ತಂಗಿ ಸಂಘಮಿತ್ರೆ ಬೋಧಿವೃಕ್ಷದ ಕೊಂಬೆ ಹಿಡಿದು ಹೋದಳು. ಅದು ಅನುರಾಧಪುರದಲ್ಲಿ ಬೇರು ಬಿಟ್ಟಿತು. ನಾಗಪುರದ ದೀಕ್ಷಾಭೂಮಿಯಲ್ಲಿರುವ ಬೋಧಿವೃಕ್ಷ ಆ ಅನುರಾಧಪುರದಿಂದಲೇ ಬಂದದ್ದು. ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ಅವರ ಮನೇಲಿ ಅಣ್ಣಾನೂ ಹೋದ, ತಂಗೀನೂ ಹೋದ್ಲು. ನಮ್ಮ ಮನೇಲಿ ಒಬ್ಬನೇ ಹೋಗಿದ್ದು."

ಅದು ನಿಜ. ನಾವು ತೋಟದ ಲೈನ್‌ಮನೆಯ ಮಕ್ಕಳು. ಅವ್ವ ಹಾಸಿಗೆ ಹಿಡಿದಾಗ ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಫಿ ಕೊಯ್ಯಲು ಹೋದಳು. ನಾನು ಹಾಸ್ಟೆಲ್ ಸೇರಿದೆ, ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದೆ, ಮೀಸಲಾತಿಯಲ್ಲಿ ಮೇಷ್ಟ್ರಾದೆ. ನನ್ನ ಪುಸ್ತಕದ ದುಡ್ಡು ಅವಳ ಬೆನ್ನಿನ ಮೂಟೆಯಿಂದ ಬಂದದ್ದು.

ದೀಕ್ಷಾಭೂಮಿ ನೋಡಿದೆವು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಡನೆ ಬುದ್ಧನಿಗೆ ಶರಣಾದ ನೆಲ. ಅಕ್ಕ ಬಹಳ ಹೊತ್ತು ಸ್ತೂಪದೊಳಗೆ ಸುಮ್ಮನೆ ಕೂತಿದ್ದಳು. ಇಷ್ಟು ಹೇಳಿದ್ದು ಮುಂದಿನ ರಾತ್ರಿಯ ವಿಷಯ ಹೇಳಲಿಕ್ಕೆ.

ನಾಗಪುರದಿಂದ ಇನ್ನೊಂದು ರೈಲು. ಸ್ಲೀಪರ್ ಬೋಗಿ, ಬಾಗಿಲಿಗೆ ಹತ್ತಿರ 9 ಮತ್ತು 10ನೇ ಬರ್ತ್. ಎರಡು ತಿಂಗಳ ಮುಂಚೆಯೇ ಕಾದಿರಿಸಿದ್ದೆ. ಜಬಲ್‌ಪುರದ ಹೊತ್ತಿಗೆ ಕತ್ತಲಾಗಿತ್ತು. ಕೊಡಗಿನವರು ನಾವು, ಚಳಿ ಗೊತ್ತು ಅಂದುಕೊಂಡಿದ್ದೆ. ಆದರೆ ಆ ಬಯಲಿನ ಚಳಿಯೇ ಬೇರೆ, ಕಬ್ಬಿಣದ ಕಿಟಕಿ ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಹೊರಗೆ ಮಂಜು. ನಡುರಾತ್ರಿ ಯಾವುದೋ ಸಣ್ಣ ನಿಲ್ದಾಣದಲ್ಲಿ ರೈಲು ನಿಂತಿತು. ಪ್ಲಾಟ್‌ಫಾರಂ ತುಂಬ ಜನ. ಮೂಟೆ, ಪ್ಲಾಸ್ಟಿಕ್ ಬಕೆಟ್, ಕಂಬಳಿ ಹೊದ್ದ ಹೆಂಗಸರು. ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲದೆ ನಮ್ಮ ಬೋಗಿಯ ಕಡೆ ಓಡಿಬಂದರು. ನಮ್ಮವರು ಯಾರೋ "ಬಾಗಿಲು ಹಾಕಿ, ಬಾಗಿಲು ಹಾಕಿ" ಎಂದು ಕೂಗಿದರು. ಎಲ್ಲರಿಗಿಂತ ಮೊದಲು ಎದ್ದು ಹೋಗಿ ಚಿಲಕ ಹಾಕಿದವನು ನಾನು. ಹಾಕಿದ್ದಷ್ಟೇ ಅಲ್ಲ, ಹೊರಗಿನವರು ಬಡಿಯುವಾಗ ಅದನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೂ ನಿಂತಿದ್ದೆ.

ಹಿಂದಿನಿಂದ ಅಕ್ಕನ ದನಿ. "ಬಾಗ್ಲು ತೆಗಿ."

"ಅಕ್ಕ, ಅವರ ಹತ್ರ ರಿಸರ್ವೇಷನ್ ಇಲ್ಲ."

"ನಂಗೂ ಇರ್ಲಿಲ್ಲ ಕಣಪ್ಪ."

ಅವಳು ಯಾವ ಅರ್ಥದಲ್ಲಿ ಹೇಳಿದಳೋ, ನಾನು ಕೇಳಲಿಲ್ಲ. ನನ್ನ ಕೈ ತಾನಾಗಿ ಸಡಿಲವಾಯಿತು. ಅವಳೇ ಚಿಲಕ ತೆಗೆದಳು.

ಹನ್ನೆರಡೋ ಹದಿಮೂರೋ ಜನ ಒಳಗೆ ಬಂದರು. ಒಬ್ಬಳ ಕಂಕುಳಲ್ಲಿ ಕೂಸು. ಅಕ್ಕ ಆ ತಾಯಿ ಮಗುವನ್ನು ತನ್ನ ಬರ್ತಿನ ತುದಿಯಲ್ಲಿ ಕೂರಿಸಿಕೊಂಡಳು. ಉಳಿದವರು ಬಾಗಿಲ ಬಳಿ, ಕಕ್ಕಸಿನ ಪಕ್ಕ ಮೂಟೆಯ ಮೇಲೆ ಕೂತರು. ನನ್ನ ಬರ್ತಿನ ಮೇಲೆ ಯಾರೂ ಕೂರಲಿಲ್ಲ. ಕೇಳಲೂ ಇಲ್ಲ. ನನಗೆ ಆದ ನಷ್ಟ ಎಂದರೆ ಬೆಳಗ್ಗೆ ಒಂದು ಚಪ್ಪಲಿ ಮೂರು ಸಾಲು ಆಚೆ ಸಿಕ್ಕಿತು. ಅಷ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಪ್ರಶ್ನೆ ಕೊರೆಯುತ್ತಿತ್ತು. ನಾನು ಮಾಡಿದ್ದು ತಪ್ಪೇ? ಕಾನೂನಿನ ಪ್ರಕಾರ ತಪ್ಪಲ್ಲ. ದುಡ್ಡು ಕೊಟ್ಟಿದ್ದೇನೆ, ಹೆಸರು ಪಟ್ಟಿಯಲ್ಲಿದೆ. ಎಲ್ಲರೂ ನುಗ್ಗಿದರೆ ಕಾಯಿಲೆಯವರು, ಮುದುಕರು ಎಲ್ಲಿ ಮಲಗಬೇಕು? ಈ ವಾದ ಸುಳ್ಳಲ್ಲ. ಆದರೆ ನನ್ನ ಟಿಕೆಟ್ಟನ್ನು ಮತ್ತೆ ಮನಸ್ಸಿನಲ್ಲೇ ಓದಿದೆ. ಅದರಲ್ಲಿ ಬರೆದಿರುವುದು ಬರ್ತಿನ ಸಂಖ್ಯೆ. ಆ ಬರ್ತನ್ನು ಯಾರಾದರೂ ಕಿತ್ತುಕೊಳ್ಳಲು ಬಂದರೆ ತಡೆಯುವ ಹಕ್ಕು ನನಗಿದೆ. ಬಾಗಿಲು ಮಾತ್ರ ನನ್ನ ಟಿಕೆಟ್ಟಿನಲ್ಲಿ ಇರಲಿಲ್ಲ. ನನಗೆ ಕೊಡದ ಬಾಗಿಲನ್ನು ನಾನು ನನ್ನದೆಂದು ಹಿಡಿದುಕೊಂಡಿದ್ದೆ. ಕೊಡದೇ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿ ವಂದನೆಯಲ್ಲಿ ಎರಡನೆಯ ಶೀಲವನ್ನು ಹೇಳುವವನು ನಾನೇ.

ಬಂಧುಗಳೇ, ಈಗ ನಮ್ಮ ಬಳಗದಲ್ಲಿ ಮಾತಾಡಲು ಹಿಂಜರಿಯುವ ವಿಷಯಕ್ಕೆ ಬರುತ್ತೇನೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳೊಳಗೆ ಒಳಮೀಸಲಾತಿ ಕೊಡಬಹುದು ಎಂದು ತೀರ್ಪು ಕೊಟ್ಟಿತು. ಅದರಲ್ಲಿ ಬೌದ್ಧ ಕುಟುಂಬದಿಂದ ಬಂದ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರು ಇದೇ ರೈಲಿನ ಹೋಲಿಕೆ ಕೊಟ್ಟರು: ಜನರಲ್ ಬೋಗಿಗೆ ಹತ್ತಲು ಹೊರಗೆ ನಿಂತು ಒದ್ದಾಡುವವರು ಒಳಗೆ ಬಂದ ಮೇಲೆ ಹೊರಗಿನವರನ್ನು ತಡೆಯುತ್ತಾರೆ ಎಂದು. ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಆ ತೀರ್ಪಿನ ಕೆನೆಪದರದ ಮಾತನ್ನು ನಮ್ಮಲ್ಲಿ ಅನೇಕರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಆ ಹೋಲಿಕೆಯನ್ನು ಮಾತ್ರ ಈಗ ಅಲ್ಲಗಳೆಯಲಾರೆ. ಚಿಲಕ ಹಿಡಿದ ಕೈ ನನ್ನದೇ ಆಗಿತ್ತು.

2025ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಅಲೆಮಾರಿ ಸಮುದಾಯಗಳಿಗೆ ನಾಗಮೋಹನ ದಾಸ್ ಆಯೋಗ ಬೇರೆಯಾಗಿಯೇ ಹೇಳಿದ್ದ ಶೇ 1 ಅದರಲ್ಲಿ ಕರಗಿಹೋಯಿತು. ಅವರು ಬೆಂಗಳೂರಿನಲ್ಲಿ ಧರಣಿ ಕೂತರು. ಆಗ ನಾವು ಎಡ, ಬಲ ಎಂದು ನಮ್ಮ ನಮ್ಮ ಬರ್ತಿನ ಅಳತೆ ಲೆಕ್ಕ ಹಾಕುತ್ತಿದ್ದೆವು. ಬಾಗಿಲು ಬಡಿಯುವ ಸದ್ದು ಎಷ್ಟು ಜನಕ್ಕೆ ಕೇಳಿಸಿತು?

ಇದಕ್ಕೆ ಒಂದು ಉತ್ತರ ಇದೆ, ಅದೂ ನ್ಯಾಯವಾದದ್ದೇ. ಬೋಗಿಗಳೇ ಕಡಿಮೆ ಇರುವಾಗ ಬಡವರು ಬಡವರೇ ಬಾಗಿಲಲ್ಲಿ ಕಿತ್ತಾಡುತ್ತಾರೆ, ಎ.ಸಿ. ಬೋಗಿಯವರು ಪರದೆ ಎಳೆದುಕೊಂಡು ಮಲಗಿರುತ್ತಾರೆ. ಖಾಲಿ ಹುದ್ದೆ ತುಂಬಿ ಎಂದು, ಖಾಸಗಿಯವರೂ ಪಾಲು ಕೊಡಲಿ ಎಂದು ನಾವು ಕೇಳಲೇಬೇಕು. ಆದರೆ ಆ ಕೂಗನ್ನು ನಾವು ಹೊರಗೆ ನಿಂತವರ ಜೊತೆ ಸೇರಿ ಕೂಗಬೇಕು. ಒಂದು ಕೈಯಲ್ಲಿ ಚಿಲಕ ಹಿಡಿದು ಇನ್ನೊಂದು ಕೈ ಎತ್ತಿ ಘೋಷಣೆ ಕೂಗಿದರೆ ಯಾರು ನಂಬುತ್ತಾರೆ? ಜಾತಿ ಎಂದರೆ ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು. ಪ್ರತಿಯೊಬ್ಬನಿಗೂ ತನ್ನ ಕೆಳಗೆ ಇನ್ನೊಬ್ಬ ಇರುವುದರಿಂದಲೇ ಅದು ಇಷ್ಟು ಕಾಲ ಉಳಿದಿದೆ. ನಮ್ಮ ಲೈನ್‌ಮನೆಯಲ್ಲೂ ಹಾಗೇ ಇತ್ತು. ಸಾಹುಕಾರರ ಮನೆಯಲ್ಲಿ ನಮಗೆ ಬೇರೆ ಲೋಟ. ನಾವು ಎರವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಈ ಎರಡನೆಯ ಮಾತನ್ನು ನಾನು ಯಾವ ಭಾಷಣದಲ್ಲೂ ಹೇಳಿರಲಿಲ್ಲ.

ಸಾರನಾಥದಲ್ಲಿ ಬೆಳಗಿನ ಮಂಜು. ಧಮೇಕ ಸ್ತೂಪದ ಅರ್ಧ ಮಾತ್ರ ಕಾಣುತ್ತಿತ್ತು. ಮಕ್ಕಳಿಗೆ ಪಾಠ ಮಾಡುವ ಹ್ಯೂಯೆನ್ ತ್ಸಾಂಗ್ ನೆನಪಾದ. ಏಳನೇ ಶತಮಾನದಲ್ಲಿ ಚೀನಾದ ರಾಜಧಾನಿ ಚಾಂಗ್ಆನ್‌ನಿಂದ ಹೊರಟು ಇಲ್ಲಿಯವರೆಗೆ ಬಂದವನು. ಅವನಿಗೆ ದೇಶ ಬಿಡಲು ಚಕ್ರವರ್ತಿಯ ಅನುಮತಿ ಇರಲಿಲ್ಲ. ಈಗಿನ ಮಾತಿನಲ್ಲಿ ಹೇಳುವುದಾದರೆ ಟಿಕೆಟ್ ಇಲ್ಲದ ಪ್ರಯಾಣಿಕ. ಗಡಿಯ ಕಾವಲು ಗೋಪುರದಲ್ಲಿ ಸಿಕ್ಕಿಬಿದ್ದಾಗ ಅಲ್ಲಿನ ಅಧಿಕಾರಿ ಅವನನ್ನು ಹಿಡಿದು ಒಪ್ಪಿಸಲಿಲ್ಲ, ನೀರು, ಆಹಾರ ಕೊಟ್ಟು ಮುಂದಿನ ದಾರಿ ಹೇಳಿ ಕಳಿಸಿದ ಎಂದು ಅವನ ಜೀವನಚರಿತ್ರೆ ಹೇಳುತ್ತದೆ. ಅವತ್ತು ಅವನು ನಿಯಮ ಹಿಡಿದು ನಿಂತಿದ್ದರೆ, ನಳಂದದ ಬಗ್ಗೆ ನಮಗೆ ಇವತ್ತು ತಿಳಿದಿರುವುದರಲ್ಲಿ ಎಷ್ಟೋ ತಿಳಿಯುತ್ತಲೇ ಇರಲಿಲ್ಲ.

ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಪಡೆದೆ ಎಂದು ಬಾಬಾಸಾಹೇಬರು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು. ಮೊದಲ ಎರಡನ್ನು ಕಾನೂನು ಕೊಡಬಲ್ಲದು. ನನಗೆ ಬರ್ತ್ ಕೊಟ್ಟದ್ದು ಕಾನೂನೇ. ಮೂರನೆಯದನ್ನು ಯಾವ ಕೋರ್ಟೂ ಕೊಡಲಾರದು. ಅದನ್ನು ನಾವೇ ಎದ್ದು ಹೋಗಿ ಚಿಲಕ ತೆಗೆದು ತೋರಿಸಬೇಕು. ಅದಕ್ಕೇ ಇರಬೇಕು, ಐದನೇ ಕ್ಲಾಸು ಓದಿದ ಅಕ್ಕನಿಗೆ ತಕ್ಷಣ ತಿಳಿದದ್ದು ಎಂ.ಎ. ಓದಿದ ನನಗೆ ತಿಳಿಯಲಿಲ್ಲ. ಅವಳು ಹೊರಗೆ ನಿಂತು ನೋಡಿದ್ದಳು.

ಊರಿಗೆ ಬಂದ ಮೇಲೆ ಅಕ್ಕನನ್ನು ಕೇಳಿದೆ, "ಅವತ್ತು ರೈಲಲ್ಲಿ ನನ್ನ ಮೇಲೆ ಸಿಟ್ಟು ಬಂತಾ?" ಅವಳು ಕಾಫಿ ಕಣದಲ್ಲಿ ಕಡ್ಡಿ ಆರಿಸುತ್ತಿದ್ದಳು. "ಸಿಟ್ಟು ಯಾಕೆ? ನೀನು ಒಳಗೆ ಹೋಗ್ಲಿ ಅಂತ ತಾನೆ ನಾನು ಹೊರಗೆ ನಿಂತಿದ್ದು. ಒಳಗೆ ಹೋದವನು ಬಾಗ್ಲು ಹಾಕ್ಕೊಂಡ್ರೆ ನಾನು ನಿಂತಿದ್ದು ಯಾಕೆ?"

ಈ ಭಾನುವಾರ ವಂದನೆ ಮುಗಿದ ಮೇಲೆ ಎಲ್ಲರೂ ಒಂದು ಪ್ರಶ್ನೆಗೆ ಉತ್ತರ ತನ್ನಿ: ನಾನು ಹಿಡಿದಿರುವ ಚಿಲಕ ಯಾವುದು? ನನ್ನದನ್ನು ನಾನು ಹೇಳಿದ್ದೇನೆ.

ನಮೋ ಬುದ್ಧಾಯ. ಜೈಭೀಮ್.